ಬಿಟಿಎಂ ಅಂದರೆ ಮೂರು ಊರು, ಮೂರು ಕೆರೆ



ನಮ್ಮ ಊರಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದವರಲ್ಲಿ ಬಹಳ ಜನ ಬಿಟಿಎಂ ಲೇಔಟ್ ಕಡೆ ಇದ್ದಾರೆ. "ನಿಮ್ಮಣ್ಣ ಎಲ್ಲಿದ್ದಾನೋ?" ಅಂತ ಕೇಳಿದರೆ "ಬಿಟಿಎಂ" ಅಂತಾರೆ. ಬಸ್ಸಿನ ಬೋರ್ಡಿನ ಮೇಲೂ ಅದೇ ಬರೆದಿರುತ್ತದೆ. ಆದರೆ ಬಿ ಅಂದರೆ ಏನು, ಟಿ ಅಂದರೆ ಏನು, ಎಂ ಅಂದರೆ ಏನು ಅಂತ ಕೇಳಿ ನೋಡಿ. ಅಲ್ಲೇ ವಾಸ ಮಾಡುವವರೂ ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಾರೆ. ನಮ್ಮ ಸೋದರತ್ತೆ ಮನೆ ತಾವರೆಕೆರೆಯಲ್ಲಿದೆ. ಬೇಸಿಗೆ ರಜೆಗೂ ದಸರಾ ರಜೆಗೂ ನಾನು ಅಲ್ಲಿಗೆ ಹೋಗುತ್ತೇನೆ. ಅಲ್ಲಿ ನೋಡಿದ್ದು, ಕೇಳಿದ್ದು, ಓದಿ ತಿಳಿದದ್ದು ಎಲ್ಲ ಸೇರಿಸಿ ಈ ಲೇಖನ ಬರೆದಿದ್ದೇನೆ.

ಹೆಸರಿನ ಗುಟ್ಟು

ಬಿ ಅಂದರೆ ಬೈರಸಂದ್ರ. ಟಿ ಅಂದರೆ ತಾವರೆಕೆರೆ. ಎಂ ಅಂದರೆ ಮಡಿವಾಳ. ಇವು ಮೂರು ಹಳ್ಳಿಗಳು. ಈ ಮೂರು ಹಳ್ಳಿಗಳ ನಡುವೆ ಬಡಾವಣೆ ಮಾಡಿದಾಗ ಮೂರರ ಇಂಗ್ಲಿಷ್ ಮೊದಲಕ್ಷರ ತೆಗೆದು ಬಿಟಿಎಂ ಅಂತ ಹೆಸರಿಟ್ಟರು.

ಈಗ ಇನ್ನೊಂದು ಗುಟ್ಟು ಇದೆ. ಬೈರಸಂದ್ರದ ಕೊನೆಯಲ್ಲಿ 'ಸಂದ್ರ' ಅಂತ ಇದೆಯಲ್ಲ, ಅದು 'ಸಮುದ್ರ' ಎಂಬ ಪದ. ಹಿಂದಿನ ಕಾಲದಲ್ಲಿ ಕೆರೆ ಕಟ್ಟಿಸಿ ಅದಕ್ಕೆ ಸಮುದ್ರ ಅಂತ ಹೆಸರಿಡುತ್ತಿದ್ದರು. ಬೊಮ್ಮಸಂದ್ರ, ಸಿಂಗಸಂದ್ರ ಎಲ್ಲಾ ಹೀಗೇ ಬಂದ ಹೆಸರುಗಳು. ಬೈರಸಂದ್ರದಲ್ಲಿ ಈಗಲೂ ಒಂದು ಸಣ್ಣ ಕೆರೆ ಇದೆ. ತಾವರೆಕೆರೆ ಎಂಬ ಹೆಸರಿನಲ್ಲಿ ಕೆರೆ ಇರುವುದು ಒಂದನೇ ತರಗತಿ ಮಕ್ಕಳಿಗೂ ಗೊತ್ತಾಗುತ್ತದೆ. ಆದರೆ ಈಗ ಅಲ್ಲಿ ತಾವರೆ ಬೇಕಾದರೆ ಹೂವಿನ ಅಂಗಡಿಗೇ ಹೋಗಬೇಕು. ಇನ್ನು ಮಡಿವಾಳದ ಕೆರೆ ಬೆಂಗಳೂರಿನ ದೊಡ್ಡ ಕೆರೆಗಳಲ್ಲಿ ಒಂದು. ಅದರ ವಿಸ್ತೀರ್ಣ ಸುಮಾರು 114 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಹೇಳಿದರೆ 280 ಎಕರೆ ಹತ್ತಿರ ಹತ್ತಿರ.

ಅಂದರೆ ಮೂರು ಅಕ್ಷರದಲ್ಲಿ ಮೂರು ಊರು, ಮೂರು ಊರಿನಲ್ಲಿ ಮೂರು ಕೆರೆ. ನೀರಿದ್ದ ಕಡೆ ಊರು ಹುಟ್ಟುತ್ತದೆ ಎಂದು ಸಮಾಜ ಪಾಠದಲ್ಲಿ ಓದಿದ್ದೇವೆ. ಇದೇ ಅದಕ್ಕೆ ಸಾಕ್ಷಿ.

ಕಲ್ಲು ಹೇಳುವ ಕಥೆ

ಮಡಿವಾಳದಲ್ಲಿ ಸೋಮೇಶ್ವರ ದೇವಸ್ಥಾನ ಇದೆ. ಅದು ಚೋಳರ ಕಾಲದ್ದು. ಅದರ ಹೊರಗೋಡೆಯ ಮೇಲೆ ತಮಿಳು ಮತ್ತು ಗ್ರಂಥ ಲಿಪಿಯ ಶಾಸನಗಳಿವೆ. ಅವುಗಳಲ್ಲಿ ಹಳೆಯದು ಕ್ರಿ.ಶ. 1247ರದ್ದು. ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನನ್ನು ದಾನ ಕೊಟ್ಟ ವಿಷಯ ಅದರಲ್ಲಿದೆ. ವೆಂಗಳೂರು ಅಂದರೆ ಬೆಂಗಳೂರೇ. ದಾನ ಕೊಟ್ಟವರು ವೆಪ್ಪೂರಿನವರು, ಅಂದರೆ ಈಗಿನ ಬೇಗೂರಿನವರು. 1365ರ ಇನ್ನೊಂದು ಶಾಸನದಲ್ಲಿ ತಾವರೆಕೆರೆಯ ಹೆಸರೇ ಇದೆ. ತಮಿಳಿನಲ್ಲಿ ತಾವರೆಗೆ ತಾಮರೈ ಅಂತಾರೆ. ಹಾಗಾಗಿ ಅಲ್ಲಿ 'ತಾಮರೈಕ್ಕರೈ' ಅಂತ ಕೆತ್ತಿದ್ದಾರೆ.

ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿಸಿದರು ಎಂದು ನಾವು ಓದಿದ್ದೇವೆ. ಲೆಕ್ಕ ಮಾಡಿ ನೋಡಿ. ತಾವರೆಕೆರೆ ಎಂಬ ಹೆಸರು ಅದಕ್ಕಿಂತ 172 ವರ್ಷ ಮೊದಲೇ ಕಲ್ಲಿನ ಮೇಲೆ ಇತ್ತು! ಅಷ್ಟು ಹಳೆಯ ಹೆಸರು ಈಗ ಒಂದು ಅಕ್ಷರವಾಗಿ 'ಟಿ' ಆಗಿದೆ.

ಲೇಔಟ್ ಹೇಗೆ ಆಗುತ್ತದೆ?

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವನ್ನು ಬಿಡಿಎ ಅಂತ ಕರೆಯುತ್ತಾರೆ. ಅದು ಶುರುವಾಗಿದ್ದು 1976ರಲ್ಲಿ. ಅವರು ಹಳ್ಳಿಯ ಹೊಲ ಗದ್ದೆ ತೆಗೆದುಕೊಂಡು ಪರಿಹಾರ ಕೊಡುತ್ತಾರೆ. ಆಮೇಲೆ ಅಳತೆ ಮಾಡಿ, ಕಲ್ಲು ನೆಟ್ಟು, ರಸ್ತೆ ಎಳೆದು, ಸೈಟು ಮಾಡಿ ಹಂಚುತ್ತಾರೆ. ಹೊಲ ಹೋಗುತ್ತದೆ. ಆದರೆ ಜನ ವಾಸವಿರುವ ಊರಿನ ಜಾಗವನ್ನು ಹಾಗೇ ಬಿಡುತ್ತಾರೆ. ಅದಕ್ಕೇ ಲೇಔಟ್‌ನ ಮಧ್ಯೆ ಹಳ್ಳಿ ಸಿಕ್ಕಿಕೊಂಡಿರುತ್ತದೆ.

ಎಲ್ಲಿ ಲೇಔಟ್, ಎಲ್ಲಿ ಹಳ್ಳಿ ಅಂತ ಕಂಡುಹಿಡಿಯುವುದು ಬಹಳ ಸುಲಭ. ಲೇಔಟ್‌ನಲ್ಲಿ ರಸ್ತೆ ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ಇರುತ್ತದೆ. ಒಂದು ಕಡೆಗೆ ಹೋಗುವ ರಸ್ತೆಗಳಿಗೆ ಮೇನ್ ಅಂತಾರೆ, ಅವನ್ನು ಅಡ್ಡ ಕತ್ತರಿಸುವ ರಸ್ತೆಗಳಿಗೆ ಕ್ರಾಸ್ ಅಂತಾರೆ. ಇಷ್ಟನೇ ಮೇನ್, ಇಷ್ಟನೇ ಕ್ರಾಸ್ ಅಂದರೆ ಸಾಕು, ಮನೆ ಸಿಗುತ್ತದೆ. ಹಳ್ಳಿಯ ಭಾಗದಲ್ಲಿ ಹಾಗಿಲ್ಲ. ಓಣಿಗಳು ಸೊಟ್ಟಪಟ್ಟ. ಎಮ್ಮೆ ಹೋದ ದಾರಿಯೇ ರಸ್ತೆ ಆದ ಹಾಗೆ ಇವೆ. ಅರಳಿಕಟ್ಟೆ ಇರುತ್ತದೆ, ಮಾರಮ್ಮನ ಗುಡಿ ಇರುತ್ತದೆ. ನಮ್ಮತ್ತೆ ಹೇಳುವ ಹಾಗೆ, "ರಸ್ತೆ ನೆಟ್ಟಗಿದ್ರೆ ಲೇಔಟು, ಸೊಟ್ಟಗಿದ್ರೆ ಊರು."

ಬೆಳಿಗ್ಗೆಯಿಂದ ರಾತ್ರಿವರೆಗೆ

ಬೆಳಿಗ್ಗೆ ಐದು ಗಂಟೆಗೇ ನಂದಿನಿ ಹಾಲಿನ ಅಂಗಡಿ ಮುಂದೆ ಜನ. ಆಮೇಲೆ ಸೊಪ್ಪಿನವರು ಕೂಗುತ್ತಾ ಬರುತ್ತಾರೆ. ನಮ್ಮತ್ತೆ ಆರು ಗಂಟೆಗೆ ಒಂದು ಪಿಜಿಗೆ ಅಡಿಗೆ ಕೆಲಸಕ್ಕೆ ಹೋಗುತ್ತಾರೆ. ಪಿಜಿ ಅಂದರೆ ದುಡ್ಡು ಕೊಟ್ಟು ಊಟ ಮಾಡಿಕೊಂಡು ಇರುವ ಹಾಸ್ಟೆಲ್ ತರಹದ ಮನೆ. ಬಿಟಿಎಂನಲ್ಲಿ ಬೀದಿ ಬೀದಿಗೂ ಪಿಜಿ ಇವೆ. ಬೇರೆ ಬೇರೆ ರಾಜ್ಯಗಳಿಂದ ಕಂಪ್ಯೂಟರ್ ಕೆಲಸಕ್ಕೆ ಬಂದ ಅಕ್ಕ ಅಣ್ಣಂದಿರು ಅಲ್ಲಿರುತ್ತಾರೆ. ಅತ್ತೆ ಇಷ್ಟು ವರ್ಷದಲ್ಲಿ ಹಿಂದಿ, ತೆಲುಗು, ಮಲಯಾಳ ಮೂರೂ ಅಷ್ಟಿಷ್ಟು ಕಲಿತಿದ್ದಾರೆ. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಅಕ್ಕಪಕ್ಕದ ಮನೆಯ ಹೆಂಗಸರು ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಾವ ಆಟೋ ಓಡಿಸುತ್ತಾರೆ.

ಮಡಿವಾಳದ ತರಕಾರಿ ಮಾರ್ಕೆಟ್ ನೋಡಬೇಕು. ಆಯುಧಪೂಜೆ ಹಿಂದಿನ ದಿನ ಬೂದುಗುಂಬಳಕಾಯಿ ರಾಶಿ, ಬಾಳೆಕಂದಿನ ರಾಶಿ, ಸೇವಂತಿಗೆ ರಾಶಿ. ನಮ್ಮಂಥ ಊರುಗಳಲ್ಲಿ ಬೆಳೆದದ್ದೇ ಅಲ್ಲಿಗೆ ಹೋಗಿರುತ್ತದೆ, ಆದರೆ ಬೆಲೆ ಕೇಳಿದರೆ ಗುರುತೇ ಸಿಗಲ್ಲ! ರಾತ್ರಿ ಆದರೆ ಮಡಿವಾಳದಿಂದ ಕೇರಳಕ್ಕೆ, ತಮಿಳುನಾಡಿಗೆ ಹೋಗುವ ಬಸ್ಸುಗಳು ಸಾಲಾಗಿ ನಿಲ್ಲುತ್ತವೆ. ಹಬ್ಬದ ಮುಂಚೆ ಅಲ್ಲಿ ಕಾಲಿಡಲು ಜಾಗ ಇರಲ್ಲ.

ಗಣೇಶನ ಹಬ್ಬಕ್ಕೆ ಬೀದಿಗೊಂದು ಗಣೇಶ ಕೂರಿಸುತ್ತಾರೆ. ಬೆಂಗಳೂರಿನ ಬಡಾವಣೆಗಳಲ್ಲಿ ಅಣ್ಣಮ್ಮ ದೇವಿಯನ್ನು ಕರೆತಂದು ಚಪ್ಪರದಲ್ಲಿ ಕೂರಿಸಿ, ಅನ್ನದಾನ ಮಾಡಿ, ರಾತ್ರಿ ಆರ್ಕೆಸ್ಟ್ರಾ ಇಡುವ ಪದ್ಧತಿ ಇದೆ. ನವೆಂಬರ್‌ನಲ್ಲಿ ಆಟೋ ಸ್ಟ್ಯಾಂಡ್‌ನವರು ಬಾವುಟ ಹಾರಿಸಿ ರಾಜ್ಯೋತ್ಸವ ಮಾಡುತ್ತಾರೆ. ಚಪ್ಪರ ಕಟ್ಟುವವರು ಬೇರೆ ಊರಿನವರು, ಅಡಿಗೆ ಮಾಡುವವರು ಬೇರೆ ಊರಿನವರು, ಊಟಕ್ಕೆ ಕೂರುವವರು ಇನ್ನೂ ಬೇರೆ ರಾಜ್ಯದವರು. ಆದರೂ ಎಲೆ ಹಾಕಿದರೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ.

2025ರ ಆಗಸ್ಟ್ 10ರಂದು ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆ ಆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ಬಿಟಿಎಂ ಲೇಔಟ್‌ಗೂ ಒಂದು ನಿಲ್ದಾಣ ಬಂತು. ಅಲ್ಲಿ ಕೆಳಗೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದಕ್ಕೂ ಮೇಲೆ ರೈಲು. ಮುಂದಿನ ನಿಲ್ದಾಣ ಸಿಲ್ಕ್ ಬೋರ್ಡ್. ಸಿಲ್ಕ್ ಬೋರ್ಡ್ ಅಂದರೆ ಎಲ್ಲರೂ ಟ್ರಾಫಿಕ್ ಜಾಮ್ ಅಂತ ನಗುತ್ತಾರೆ. ನಿಜವಾಗಿ ಅದು ಕೇಂದ್ರ ರೇಷ್ಮೆ ಮಂಡಳಿ. ನಮ್ಮ ಮನೆಗಳಲ್ಲಿ ಸಾಕುವ ರೇಷ್ಮೆ ಹುಳುವಿನ ವಿಷಯ ನೋಡಿಕೊಳ್ಳಲು 1948ರ ಕಾಯಿದೆಯಿಂದ ಆದ ಸಂಸ್ಥೆ. ಅಲ್ಲೂ ಹೆಸರು ಉಳಿದಿದೆ, ಅರ್ಥ ಮರೆತುಹೋಗಿದೆ.

ಮಳೆ ಬಂದಾಗ

ಇಲ್ಲಿವರೆಗೆ ಹೇಳಿದ್ದು ಖುಷಿಯ ವಿಷಯ. ಈಗ ಹೇಳುವುದನ್ನು ಗಮನ ಇಟ್ಟು ಓದಿ.

ಮಡಿವಾಳ ಕೆರೆ ಒಂಟಿ ಕೆರೆ ಅಲ್ಲ. ಅದು ತುಂಬಿದರೆ ನೀರು ಅಗರ ಕೆರೆಗೆ ಹೋಗುತ್ತದೆ. ಅಲ್ಲಿಂದ ಬೆಳ್ಳಂದೂರು ಕೆರೆ, ಆಮೇಲೆ ವರ್ತೂರು ಕೆರೆ, ಕೊನೆಗೆ ದಕ್ಷಿಣ ಪಿನಾಕಿನಿ ನದಿ. ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು. ಇದು ಹಿರಿಯರು ಮಾಡಿದ ಏರ್ಪಾಡು. ಕೆರೆಯಿಂದ ಕೆರೆಗೆ ಹೋಗುವ ದೊಡ್ಡ ಕಾಲುವೆಗೆ ರಾಜಕಾಲುವೆ ಅಂತ ಹೆಸರು. ಮಡಿವಾಳ ಕೆರೆಗೆ ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ ಎಲ್ಲ ಬರುತ್ತವೆ. ಜೊಂಡು ಬೆಳೆದು, ಕೊಳಚೆ ಸೇರಿ ಕೆರೆ ಬಳಲಿದೆ. ಆದರೂ ಹಕ್ಕಿಗಳು ಅದನ್ನು ಬಿಟ್ಟಿಲ್ಲ.

ಹೊಲ ಇದ್ದಾಗ ಮಳೆ ನೀರನ್ನು ಅರ್ಧ ಮಣ್ಣೇ ಕುಡಿಯುತ್ತಿತ್ತು. ಉಳಿದದ್ದು ನಿಧಾನವಾಗಿ ಕಾಲುವೆಗೆ ಇಳಿಯುತ್ತಿತ್ತು. ಈಗ ನೆಲವೆಲ್ಲ ಟಾರು, ಸಿಮೆಂಟು. ನೀರು ಇಂಗಲ್ಲ. ಎಲ್ಲ ನೀರೂ ಒಂದೇ ಸಲ ತಗ್ಗಿಗೆ ನುಗ್ಗುತ್ತದೆ. ಕಾಲುವೆ ಕಿರಿದಾಗಿದೆ, ಅದರೊಳಗೆ ಹೂಳು, ಪ್ಲಾಸ್ಟಿಕ್ಕು. ಹಾಗಾಗಿ ನೀರು ರಸ್ತೆಗೆ, ಮನೆಗೆ ಬರುತ್ತದೆ. ಅತ್ತೆಯ ಓಣಿಯಲ್ಲಿ ಮೊಣಕಾಲುವರೆಗೆ ನೀರು ನಿಂತಾಗ ಅಕ್ಕಿ ಮೂಟೆ, ನನ್ನ ತಂಗಿಯ ಪುಸ್ತಕ ಎಲ್ಲ ಮಂಚದ ಮೇಲೆ ಇಟ್ಟುಕೊಂಡು ಕೂತಿದ್ದೆವು. ಮನೆ ಓನರ್ ತಾತ ಮೊದಲು ಅಲ್ಲೇ ರಾಗಿ ಬೆಳೆಯುತ್ತಿದ್ದವರು. ಅವರು ಹೇಳಿದರು, "ಇದು ನೀರು ಹರೀತಿದ್ದ ಜಾಗ ಕಣ್ ಮಗಾ. ನಾವು ಮರೆತ್ರೂ ನೀರಿಗೆ ದಾರಿ ಮರೆಯಲ್ಲ."

2025ರ ಮೇ ತಿಂಗಳ ಜೋರು ಮಳೆಯಲ್ಲಿ ಬಿಟಿಎಂ ಎರಡನೇ ಹಂತದಲ್ಲಿ ಒಂದು ದುಃಖದ ಘಟನೆ ನಡೆಯಿತು. ಕಟ್ಟಡದ ನೆಲಮಾಳಿಗೆಗೆ ನುಗ್ಗಿದ ನೀರನ್ನು ಪಂಪು ಹಾಕಿ ತೆಗೆಯುವಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬ ಶಾಲೆಗೆ ಹೋಗುವ ವಯಸ್ಸಿನ ಹುಡುಗ. ಪೇಪರಿನಲ್ಲಿ ಅದನ್ನು ಓದಿ ಅತ್ತೆ ಆ ದಿನ ನಮ್ಮನ್ನು ಹೊರಗೆ ಬಿಡಲಿಲ್ಲ. ಆದ್ದರಿಂದ ನೆನಪಿಡಿ: ಮನೆಯೊಳಗೆ ನೀರು ಬರುವ ಹಾಗಿದ್ದರೆ ಮೊದಲೇ ದೊಡ್ಡವರಿಗೆ ಹೇಳಿ ಮೇನ್ ಸ್ವಿಚ್ ಆಫ್ ಮಾಡಿಸಬೇಕು. ನೀರಲ್ಲಿ ನಿಂತು ಸ್ವಿಚ್, ಮೋಟಾರು, ವೈರು ಮುಟ್ಟಬಾರದು. ಮಳೆಯಲ್ಲಿ ಲೈಟ್ ಕಂಬ ಹಿಡಿಯಬಾರದು.

ಇನ್ನೊಂದು ವಿಚಿತ್ರ ನೋಡಿ. ಮಳೆಗಾಲದಲ್ಲಿ ಮನೆಯೊಳಗೆ ನೀರು, ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ಮುಂದೆ ಜನ ಬಿಂದಿಗೆ ಹಿಡಿದು ನಿಂತಿದ್ದರು. ಮೂರು ಕೆರೆಯ ಹೆಸರಿರುವ ಜಾಗಕ್ಕೆ ಕುಡಿಯುವ ನೀರು ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಬರಬೇಕಾಗಿದೆ.

ನಮ್ಮ ಊರಿಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಇದೆ. ನಮ್ಮೂರ ಕೆರೆ ಹಿಂದಿನ ರಾಗಿ ಹೊಲದಲ್ಲಿ ಈಗ ಬಣ್ಣ ಬಳಿದ ಕಲ್ಲು ನೆಟ್ಟಿರುವುದನ್ನು ನೀವೆಲ್ಲ ನೋಡಿದ್ದೀರಿ. ಅಲ್ಲೂ ಲೇಔಟ್ ಬರುತ್ತದಂತೆ. ಲೇಔಟ್ ಬರಬಾರದು ಅಂತ ನಾನು ಹೇಳುತ್ತಿಲ್ಲ. ಜನಕ್ಕೆ ಮನೆ ಬೇಕು, ಕೆಲಸ ಬೇಕು. ನಮ್ಮತ್ತೆಗೆ ಅನ್ನ ಕೊಟ್ಟದ್ದು ಬಿಟಿಎಂ ಲೇಔಟೇ. ಆದರೆ ಕಲ್ಲು ನೆಡುವವರಿಗೆ ನಮ್ಮ ಕೆರೆಯ ನೀರು ಎಲ್ಲಿಂದ ಬರುತ್ತದೆ, ಕೋಡಿ ಎಲ್ಲಿ ಬೀಳುತ್ತದೆ, ಹಳ್ಳ ಎಲ್ಲಿ ಹರಿಯುತ್ತದೆ ಅಂತ ಗೊತ್ತಿರಲ್ಲ. ಬೇಸಿಗೆಯಲ್ಲಿ ಬಂದು ನೋಡಿದರೆ ಹಳ್ಳವೂ ಒಣ ನೆಲದ ಹಾಗೇ ಕಾಣುತ್ತದೆ. ಗೊತ್ತಿರುವುದು ನಮ್ಮ ಅಜ್ಜ ಅಜ್ಜಿಯರಿಗೆ. ಅವರು ಹೇಳದಿದ್ದರೆ, ನಾವು ಕೇಳದಿದ್ದರೆ ಅದು ಅಲ್ಲಿಗೇ ಮುಗಿಯಿತು.

ಆದ್ದರಿಂದ ಈ ಲೇಖನದ ಕೆಳಗೆ ಒಂದು ಖಾಲಿ ಡ್ರಾಯಿಂಗ್ ಹಾಳೆ ಅಂಟಿಸಿದ್ದೇನೆ. ಮಧ್ಯದಲ್ಲಿ ನಮ್ಮ ಕೆರೆ ಬರೆದಿದ್ದೇನೆ, ಅಷ್ಟೇ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ನಿಮ್ಮ ಹೊಲದ ಹತ್ತಿರದ ಕಟ್ಟೆ, ಕುಂಟೆ, ಹಳ್ಳ, ಕಾಲುವೆ, ಬಾವಿ ಎಲ್ಲದರ ಹೆಸರು ಅದರಲ್ಲಿ ಬರೆಯಿರಿ. ನೀರು ಹರಿಯುವ ಕಡೆಗೆ ನೀಲಿ ಪೆನ್ಸಿಲ್‌ನಿಂದ ಬಾಣದ ಗುರುತು ಹಾಕಿ. ಹಾಳೆ ತುಂಬಿದ ಮೇಲೆ ಹೆಡ್‌ಮಾಸ್ಟರನ್ನು ಕೇಳಿಕೊಂಡು ಅದನ್ನು ಗ್ರಾಮ ಪಂಚಾಯಿತಿಗೆ ಕೊಡೋಣ.

— 7ನೇ ತರಗತಿ ವಿದ್ಯಾರ್ಥಿನಿ