ಮೊದಲ ಸಲ ಗುಂಡಿನ ಮೈದಾನಕ್ಕೆ ಹೋಗುವ ರೈತರಿಗೆ



ಕಾಡಂಚಿನ ಊರುಗಳಲ್ಲಿ ಬೆಳೆ ಕೈಗೆ ಬರುವ ಕಾಲಕ್ಕೆ ರೈತನಿಗೆ ನಿದ್ದೆಯಿಲ್ಲ. ಗದ್ದೆಗೆ ಹಂದಿ, ತೋಟಕ್ಕೆ ಮಂಗ, ಶೇಂಗಾ ಹೊಲಕ್ಕೆ ನವಿಲು. ಡಬ್ಬ ಬಡಿದು, ಬೆದರುಗೊಂಬೆ ನಿಲ್ಲಿಸಿ, ಬೆಂಕಿ ಹಾಕಿ ಸಾಕಾದವರು ಕೊನೆಗೆ ಕೋವಿಯ ಪರವಾನಗಿಗೆ ಅರ್ಜಿ ಹಾಕುವುದುಂಟು. ತಂದೆಯ ಕಾಲದ ಕೋವಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವವರೂ ಇದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೇಳುವವರಿಗೆ ಸುರಕ್ಷತಾ ತರಬೇತಿಯನ್ನು ವಿಧಿಸಿವೆ. ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತದೆ. ಅಲ್ಲಿಗೆ ಮೊದಲ ಸಲ ಹೋಗುವವರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಹೇಳಿದೆ.

ಒಂದು ಮಾತನ್ನು ಮೊದಲೇ ಹೇಳುವುದು ಒಳ್ಳೆಯದು. ಗುರಿ ಹೊಡೆಯುವುದನ್ನು ಕಲಿಯಲೆಂದು ಎಲ್ಲರೂ ಮೈದಾನಕ್ಕೆ ಹೋಗುತ್ತಾರೆ. ಆದರೆ ಅಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಬೇರೆಯೇ ಇದೆ. ಗುಂಡು ಯಾವಾಗ ಹಾರಿಸಬಾರದು, ಎಲ್ಲಿ ಹಾರಿಸಬಾರದು ಎಂಬುದೇ ಆ ವಿದ್ಯೆ.

ಹೊರಡುವ ಮುನ್ನ

ಯಾವ ದಾಖಲೆ, ಎಷ್ಟು ಭಾವಚಿತ್ರ ಬೇಕೆಂದು ಮುಂಚೆಯೇ ಠಾಣೆಯಲ್ಲಿ ವಿಚಾರಿಸಿಕೊಳ್ಳಿ. ಪಂಚೆ, ಲುಂಗಿ ಬೇಡ. ಮಲಗಿ ಗುಂಡು ಹಾರಿಸಬೇಕಾಗಬಹುದು, ಆದ್ದರಿಂದ ಷರಾಯಿ ಒಳ್ಳೆಯದು. ಕುತ್ತಿಗೆಯ ತನಕ ಗುಂಡಿ ಹಾಕುವ ಅಂಗಿ ತೊಡಿ. ರೈಫಲ್ಲಿನಿಂದ ಹೊರಗೆ ಹಾರುವ ಖಾಲಿ ತೋಟಾ ಬಿಸಿಯಾಗಿರುತ್ತದೆ. ಅದು ಅಂಗಿಯೊಳಗೆ ಬಿದ್ದರೆ ಹೊಸಬರು ಕೋವಿ ಕೈಯಲ್ಲಿದ್ದುದನ್ನೇ ಮರೆತು ಕುಣಿದಾಡುತ್ತಾರೆ. ಹೆಗಲ ಮೇಲಿನ ಟವೆಲನ್ನು ಚೀಲದಲ್ಲಿಡಿ. ಕಾಲಿಗೆ ಮುಚ್ಚಿದ ಪಾದರಕ್ಷೆ ಇರಲಿ. ಹಿಂದಿನ ರಾತ್ರಿ ಕುಡಿದವರು, ನಿದ್ದೆ ಬರಿಸುವ ಔಷಧಿ ತೆಗೆದುಕೊಂಡವರು ಆ ದಿನ ಕೋವಿ ಮುಟ್ಟಬಾರದು.

ಕಿವಿಯ ವಿಚಾರವನ್ನು ಹಲವರು ಅಲಕ್ಷಿಸುತ್ತಾರೆ. ಕೋವಿಯ ಶಬ್ದ 140 ಡೆಸಿಬಲ್ ದಾಟುತ್ತದೆ. ಒಂದೇ ಏಟು ಕಿವಿಯನ್ನು ಕೆಡಿಸಬಹುದು, ಹಾಗೆ ಹೋದ ಕಿವಿ ಮತ್ತೆ ಬಾರದು. ಹತ್ತಿ ತುರುಕಿದರೆ ಸಾಲದು. ಕಿವಿಗೆ ಹಾಕುವ ಬಿರಡೆ ಅಥವಾ ಮುಚ್ಚುಗೆಯನ್ನು ಶಿಬಿರದಲ್ಲಿ ಕೇಳಿ ಪಡೆಯಿರಿ. ಕಣ್ಣಿಗೆ ಕನ್ನಡಕವೂ ಇರಲಿ.

ಮನೆಯ ಕೋವಿಯನ್ನು ತರಬಹುದೇ ಎಂದು ಮೊದಲೇ ಕೇಳಿ. ತರುವುದಾದರೆ ಪರವಾನಗಿ ಜೊತೆಯಲ್ಲಿರಲಿ, ಕೋವಿ ಖಾಲಿಯಿರಲಿ, ತೋಟಾ ಬೇರೆ ಚೀಲದಲ್ಲಿರಲಿ. ಕೇಪಿನ ಕೋವಿಯಾದರೆ ಹೆಚ್ಚಿನ ಎಚ್ಚರ ಬೇಕು. ಬಾಯಿಯಿಂದ ಮದ್ದು ತುಂಬುವ ಕೋವಿಯಲ್ಲಿ ಮದ್ದಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ಮೊದಲು ಕೇಪು ತೆಗೆದು, ಮುಖವನ್ನು ನಳಿಗೆಯ ಬಾಯಿಂದ ದೂರವಿಟ್ಟು, ಗಜವನ್ನು ಒಳಗೆ ಬಿಟ್ಟು ನೋಡಬೇಕು. ಗಜ ತಳ ಮುಟ್ಟದೆ ಮೇಲೆಯೇ ನಿಂತರೆ ಒಳಗೆ ಏನೋ ಇದೆ ಎಂದೇ ತಿಳಿಯಬೇಕು.

ಬಿಡದೆ ಪಾಲಿಸಬೇಕಾದ ಮೂರು ಮಾತು

ಮೊದಲನೆಯದು: ಪ್ರತಿಯೊಂದು ಕೋವಿಯಲ್ಲೂ ಗುಂಡು ಇದೆ ಎಂದೇ ಭಾವಿಸಿ ನಡೆದುಕೊಳ್ಳಿ. 'ಈಗಷ್ಟೇ ನೋಡಿದೆ, ಖಾಲಿ ಇದೆ' ಎಂದು ಪಕ್ಕದವರು ಹೇಳಿದರೂ ನಿಮ್ಮ ಕೈಗೆ ಬಂದೊಡನೆ ನೀವೇ ತೆರೆದು ನೋಡಿ.

ಎರಡನೆಯದು: ನಳಿಗೆಯ ಬಾಯಿ ಸದಾ ಗುರಿಯ ಕಡೆಗೇ ಇರಲಿ. ಹೊಸಬರು ತಪ್ಪುವುದು ಇಲ್ಲಿಯೇ. ಗುಂಡು ಹಾರಿಸಿದ ಸಂತೋಷದಲ್ಲಿ 'ನೋಡಿದಿರಾ ಸಾರ್' ಎಂದು ಮೈಯನ್ನೆಲ್ಲ ತಿರುಗಿಸುತ್ತಾರೆ. ಮೈಯ ಜೊತೆ ಕೋವಿಯೂ ತಿರುಗಿ ಸಾಲಿನಲ್ಲಿ ನಿಂತವರೆಲ್ಲರ ಎದೆಯ ಮೇಲೆ ಹಾದುಹೋಗುತ್ತದೆ. ಏನಾದರೂ ಕೇಳಬೇಕಿದ್ದರೆ ಕೋವಿಯನ್ನು ಕೆಳಗಿಟ್ಟು ಆಮೇಲೆ ತಿರುಗಿ.

ಮೂರನೆಯದು: ಗುರಿ ಕೂಡಿಬಂದು, ಹಾರಿಸುವುದೆಂದು ತೀರ್ಮಾನಿಸುವ ತನಕ ಬೆರಳು ಟ್ರಿಗರಿನ ಹೊರಗೆ, ನಳಿಗೆಯ ಉದ್ದಕ್ಕೆ ಚಾಚಿಕೊಂಡಿರಲಿ. ಕಾಲು ಎಡವಿದಾಗ, ಬೆಚ್ಚಿದಾಗ ಮನುಷ್ಯನ ಮುಷ್ಟಿ ತಾನಾಗಿಯೇ ಬಿಗಿಯುತ್ತದೆ. ಆ ಹೊತ್ತಿನಲ್ಲಿ ಬೆರಳು ಒಳಗಿದ್ದರೆ ಗುಂಡು ಹಾರಿದಂತೆಯೇ.

ಮೈದಾನದ ಶಿಸ್ತು

ಕೆಂಪು ಬಾವುಟ ಏರಿದ್ದರೆ ಗುಂಡು ಹಾರಿಸುವ ಕೆಲಸ ನಡೆದಿದೆ ಎಂದರ್ಥ. ಗೆರೆ ದಾಟಿ ಯಾರೂ ಮುಂದೆ ಹೋಗಬಾರದು. ಶಿಕ್ಷಕರ ಆಜ್ಞೆಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಪ್ರತಿಯೊಂದರ ಅರ್ಥವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ, ನಾಚಿಕೆ ಬೇಡ. 'ನಿಲ್ಲಿಸಿ' ಎಂಬ ಕೂಗು ಯಾರ ಬಾಯಿಂದ ಬಂದರೂ ಬೆರಳು ಹೊರಗೆ ತೆಗೆದು ಹಾಗೆಯೇ ನಿಲ್ಲಿ. ಮುಂದೆ ಒಂದು ಕರು ಅಡ್ಡ ಬಂದುದನ್ನು ಕಂಡರೆ ನೀವೂ ಹಾಗೆಯೇ ಕೂಗಬೇಕು.

ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವುದನ್ನು ಗಮನಿಸಿ ನೋಡಿ. ಪಾಯಿಂಟ್ 22 ರೈಫಲ್ಲಿನ ಕಿರುಬೆರಳ ತುದಿಯಷ್ಟಿಲ್ಲದ ಗುಂಡು ಸಹ ಒಂದೂವರೆ ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ಅದನ್ನು ತಡೆಯಲೆಂದೇ ಆ ದಿಬ್ಬ. ನಿಮ್ಮ ತೋಟದಲ್ಲಿ ಅಂಥ ದಿಬ್ಬ ಇಲ್ಲ, ಬೇಲಿಯಾಚೆ ಪಕ್ಕದವರ ಮನೆಯಿದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಿಂದಿರುಗಬೇಕು.

ಗುರಿ ಹಿಡಿಯುವ ಕ್ರಮ

ಬಲಗೈಯವರಿಗೆಲ್ಲ ಬಲಗಣ್ಣೇ ಮುಂದಾಗಿರುವುದಿಲ್ಲ. ಎರಡೂ ಅಂಗೈಗಳನ್ನು ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು, ಅದರೊಳಗಿಂದ ದೂರದ ಒಂದು ಮರವನ್ನು ನೋಡಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿರುವಾಗ ಮರ ಕಿಂಡಿಯಲ್ಲೇ ಉಳಿಯುವುದೋ ಅದೇ ನಿಮ್ಮ ಗುರಿಗಣ್ಣು. ಇದನ್ನು ಶಿಕ್ಷಕರಿಗೆ ತಿಳಿಸಿ.

ಕೋವಿಯ ಬಟ್ಟನ್ನು ಹೆಗಲಿನ ಗುಳಿಗೆ ಭದ್ರವಾಗಿ ಒತ್ತಿ ಹಿಡಿಯಬೇಕು. ಸಡಿಲ ಬಿಟ್ಟರೆ ಹಿಂದಕ್ಕೆ ಒದ್ದು ಎಲುಬು ನೋಯಿಸುತ್ತದೆ. ಒಮ್ಮೆ ನೋವು ತಿಂದವರು ಮುಂದಿನ ಸಲ ಕಣ್ಣು ಮುಚ್ಚಿಯೇ ಹಾರಿಸುತ್ತಾರೆ. ಹಿಂದಿನ ಕಚ್ಚು, ನಳಿಗೆಯ ತುದಿಯ ಮೊನೆ, ಗುರಿ, ಈ ಮೂರೂ ಒಂದೇ ನೇರಕ್ಕೆ ಬರಲಿ. ಉಸಿರು ಎಳೆದುಕೊಂಡು, ಅರ್ಧ ಬಿಟ್ಟು, ತಡೆದು, ಹಸುವಿನ ಮೊಲೆಯಿಂದ ಹಾಲು ಹಿಂಡುವಷ್ಟು ನಯವಾಗಿ ಟ್ರಿಗರನ್ನು ಒತ್ತಿ. ಜಗ್ಗಿದರೆ ಗುರಿ ತಪ್ಪುತ್ತದೆ. ಮೊದಲ ದಿನ ಎಲ್ಲ ಗುಂಡುಗಳೂ ದಿಬ್ಬಕ್ಕೇ ಹೋದರೂ ಅವಮಾನವೇನಿಲ್ಲ.

ಗುಂಡು ಸಿಡಿಯದಿದ್ದರೆ

ಟ್ರಿಗರ್ ಒತ್ತಿದರೂ ಗುಂಡು ಸಿಡಿಯದಿದ್ದರೆ ಕೋವಿಯನ್ನು ತಿರುಗಿಸಿ ಬಾಯಿಯೊಳಗೆ ಇಣುಕಬೇಡಿ. ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕಾದು, ಕೈ ಎತ್ತಿ ಶಿಕ್ಷಕರನ್ನು ಕರೆಯಿರಿ. ಕೇಪಿನ ಕೋವಿಗೆ ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಶಬ್ದ ಎಂದಿಗಿಂತ ಮೆಲ್ಲಗಾದರೆ ಎರಡನೆಯ ಗುಂಡು ಹಾಕಬೇಡಿ. ಮೊದಲನೆಯದು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ಆಗ ನಳಿಗೆಯೇ ಒಡೆಯುತ್ತದೆ. ಬಹಳ ದಿನ ಮೂಲೆಯಲ್ಲಿದ್ದ ಕೋವಿಯ ಬಾಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿದ್ದರೂ ಇದೇ ಅಪಾಯ.

ಕೆಲಸ ಮುಗಿದ ಮೇಲೆ ಕೋವಿ ಖಾಲಿಯಿರುವುದನ್ನು ಶಿಕ್ಷಕರಿಗೆ ತೋರಿಸಿ. ಉಳಿದ ತೋಟಾಗಳನ್ನು ಎಣಿಸಿ ಹಿಂದಿರುಗಿಸಿ. ನೆನಪಿಗೆಂದು ಒಂದನ್ನು ಜೇಬಿಗೆ ಹಾಕಿಕೊಂಡು ಬಂದರೆ ಅದೂ ಅಪರಾಧ. ಗುಂಡಿನಲ್ಲಿರುವ ಸೀಸ ವಿಷ. ಬೆಳೆಗೆ ಔಷಧಿ ಹೊಡೆದ ಮೇಲೆ ಮಾಡುವಂತೆಯೇ ಕೈ, ಮುಖ ತೊಳೆದು ಆಮೇಲೆ ಊಟ, ಎಲೆ ಅಡಿಕೆ.

ಊರಿಗೆ ಬಂದ ಮೇಲೆ

ಕೊಡಗಿನಲ್ಲಿ ಕೋವಿಗೆ ಮನೆಯ ಹಿರಿಯನ ಸ್ಥಾನವಿದೆ. ಸೆಪ್ಟೆಂಬರಿನ ಕೈಲ್‌ಪೊಳ್ದು ಹಬ್ಬದಲ್ಲಿ ಅದಕ್ಕೆ ಪೂಜೆ, ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಕಾನೂನಿನ ವಿನಾಯಿತಿ ಸಿಕ್ಕವರಿಗೂ ಎಚ್ಚರಿಕೆಯಿಂದ ವಿನಾಯಿತಿ ಇಲ್ಲ.

ಮನೆಯಲ್ಲಿ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗವಿರಲಿ. ಮದ್ದು ತುಂಬಿದ ಕೋವಿಯನ್ನು ಗೋಡೆಗೆ ಒರಗಿಸಿಟ್ಟರೆ ಅದು ಮೊದಲು ಸಿಗುವುದು ಮಕ್ಕಳ ಕೈಗೆ. ಬೇಲಿ, ಅಗಳು ದಾಟುವಾಗ ಗುಂಡು ತೆಗೆದು ದಾಟಿ. ಮದುವೆ, ಜಾತ್ರೆಯ ಸಡಗರದಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ 2 ವರ್ಷಗಳವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪರವಾನಗಿ ಸಿಕ್ಕ ಮಾತ್ರಕ್ಕೆ ಕಾಡುಪ್ರಾಣಿಗಳನ್ನು ಕೊಲ್ಲುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎಲ್ಲರಿಗೂ ಅನ್ವಯಿಸುತ್ತದೆ. ಅರಣ್ಯ ಇಲಾಖೆಯನ್ನು ಕೇಳದೆ ಮುಂದುವರಿಯಬೇಡಿ.

ಕೊನೆಯದಾಗಿ, ರಾತ್ರಿಯ ಮಾತು. ಕತ್ತಲಲ್ಲಿ ಹಂದಿಯೆಂದು ಹಾರಿಸಿದ ಗುಂಡು ಮನುಷ್ಯನಿಗೆ ತಗುಲಿದ ಸುದ್ದಿ ಮಲೆನಾಡಿನ ಓದುಗರಿಗೆ ಹೊಸದಲ್ಲ. ಅಲ್ಲಾಡಿದ ಪೊದೆಯ ಹಿಂದೆ ನೀರು ತಿರುಗಿಸಲು ಬಂದ ಪಕ್ಕದ ಗದ್ದೆಯವನಿರಬಹುದು, ನಿಮ್ಮನ್ನು ಹುಡುಕಿಕೊಂಡು ಬಂದ ನಿಮ್ಮ ಮಗನೇ ಇರಬಹುದು. ಸದ್ದಿಗೆ ಗುಂಡು ಹಾರಿಸಬಾರದು. ಪ್ರಾಣಿಯನ್ನು ಪೂರ್ತಿ ಕಾಣದೆ, ಅದರ ಹಿಂದೆ ಏನಿದೆಯೆಂದು ತಿಳಿಯದೆ ಟ್ರಿಗರಿಗೆ ಬೆರಳಿಡಬಾರದು. ಹಂದಿ ತಿಂದ ಬೆಳೆಯನ್ನು ಮುಂದಿನ ಮಳೆಗಾಲಕ್ಕೆ ಮತ್ತೆ ಬೆಳೆಯಬಹುದು. ಶಿಬಿರದಿಂದ ಹಿಂದಿರುಗುವಾಗ ಈ ಒಂದು ಮಾತು ಜೊತೆಯಲ್ಲಿ ಬಂದರೆ ನೀವು ಅಲ್ಲಿ ಕಳೆದ ದಿನಗಳು ಸಾರ್ಥಕ.