ಕ್ಯಾಸಿನೋ ಕೊಟ್ಟ ರಿಯಾಯಿತಿ, ಆಟಗಾರ ಹಾಕಿದ ಲೆಕ್ಕ

2011ರ ಏಪ್ರಿಲ್. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕಡಲತೀರದ ಊರು ಅಟ್ಲಾಂಟಿಕ್ ಸಿಟಿ. ಅಲ್ಲಿನ ಟ್ರಾಪಿಕಾನಾ ಕ್ಯಾಸಿನೋದ ಬ್ಲ್ಯಾಕ್‌ಜಾಕ್ ಮೇಜಿನಲ್ಲಿ ಡಾನ್ ಜಾನ್ಸನ್ ಎಂಬುವರು ಒಂದೇ ಕೈಗೆ ಒಂದು ಲಕ್ಷ ಡಾಲರ್ ಪಣ ಇಟ್ಟಿದ್ದರು. ಬಂದದ್ದು ಎರಡು ಎಂಟು. ಜೋಡಿ ಬಂದರೆ ಇನ್ನೊಂದು ಪಣ ಇಟ್ಟು, ಜೋಡಿ ಒಡೆದು ಎರಡು ಕೈಯಾಗಿ ಆಡಬಹುದು. ಒಡೆದರು. ಅವುಗಳ ಮೇಲೆ ಮತ್ತೆ ಎಂಟುಗಳೇ ಬಿದ್ದವು, ಮತ್ತೆ ಒಡೆದರು. ಈಗ ನಾಲ್ಕು ಕೈ, ನಾಲ್ಕು ಲಕ್ಷ. ಆ ನಾಲ್ಕು ಎಂಟುಗಳಿಗೆ ಜೊತೆಯಾದವು ಎರಡು ಮೂರು, ಎರಡು ಎರಡು. ಅಂದರೆ ಎರಡು ಕೈಯಲ್ಲಿ ಹನ್ನೊಂದು, ಎರಡು ಕೈಯಲ್ಲಿ ಹತ್ತು. ಪಣ ದುಪ್ಪಟ್ಟು ಮಾಡಲು ಇದಕ್ಕಿಂತ ಒಳ್ಳೆಯ ಮೊತ್ತಗಳಿಲ್ಲ. ನಾಲ್ಕನ್ನೂ ದುಪ್ಪಟ್ಟು ಮಾಡಿದರು. ಎಂಟು ಲಕ್ಷ ಡಾಲರ್ ಮೇಜಿನ ಮೇಲಿತ್ತು. ಕ್ಯಾಸಿನೋ ಪರವಾಗಿ ಎಲೆ ಹಂಚಿ ಆಡುವ ಡೀಲರ್‌ನ ಸರದಿ ಬಂದಾಗ ಅವನ ಎಲೆಗಳ ಮೊತ್ತ 21 ದಾಟಿಹೋಯಿತು, ದಾಟಿದರೆ ಸೋತಂತೆ. ಆ ಒಂದು ಸುತ್ತಿನಲ್ಲೇ ಎಂಟು ಲಕ್ಷ ಲಾಭ.

ಸುಮಾರು ಹನ್ನೆರಡು ಗಂಟೆ ಆಡಿ ಎದ್ದಾಗ ಜಾನ್ಸನ್ ಗೆದ್ದಿದ್ದದ್ದು 58 ಲಕ್ಷ ಡಾಲರ್. ಅದಕ್ಕೂ ಮುಂಚೆ ಅದೇ ಊರಿನ ಬೋರ್ಗಾಟಾದಲ್ಲಿ 50 ಲಕ್ಷ, ಸೀಸರ್ಸ್‌ನಲ್ಲಿ 40 ಲಕ್ಷ ಗೆದ್ದಿದ್ದರು. ಒಟ್ಟು ಒಂದೂವರೆ ಕೋಟಿ ಡಾಲರ್ ಹತ್ತಿರ. ಅವರು ಎಲೆ ಎಣಿಸುವವರ, ಅಂದರೆ ಆಡಿ ಹೋದ ಎಲೆಗಳನ್ನು ನೆನಪಿಟ್ಟು ಆಡುವವರ ಪೈಕಿ ಅಲ್ಲ. ಮೋಸ ಮಾಡಿರಲಿಲ್ಲ, ಡೀಲರ್ ಜೊತೆ ಒಳಒಪ್ಪಂದವೂ ಇರಲಿಲ್ಲ. ಅವರಿಗೆ ಇದ್ದದ್ದು, ಕ್ಯಾಸಿನೋಗಳು ತಾವಾಗಿಯೇ ಒಪ್ಪಿಕೊಂಡಿದ್ದ ಕೆಲವು ಷರತ್ತುಗಳು. ಎಲೆ ಎಣಿಸಿದವರ ಸಾಹಸಗಳು ಸಿನಿಮಾಗಳಾಗಿವೆ. ನನಗೆ ಅವಕ್ಕಿಂತ ಈ ಷರತ್ತುಗಳ ಕಥೆಯೇ ದೊಡ್ಡದು ಅನ್ನಿಸುತ್ತದೆ. ಕ್ಯಾಸಿನೋ ಕೊಡುವ ಪ್ರತಿಯೊಂದು ಆಮಿಷಕ್ಕೂ ಒಂದು ಬೆಲೆ ಇದೆ. ಆ ಬೆಲೆಯನ್ನು ಯಾರು ಮೊದಲು ಲೆಕ್ಕ ಹಾಕುತ್ತಾರೆ ಎಂಬುದರ ಮೇಲೆ ಹಣ ಯಾವ ಕಡೆ ಹರಿಯುತ್ತದೆ ಎಂಬುದು ನಿಂತಿದೆ.

ಇಸ್ಪೀಟು ಬಲ್ಲವರಿಗೆ ಬ್ಲ್ಯಾಕ್‌ಜಾಕ್ ಕಲಿಯಲು ಹತ್ತು ನಿಮಿಷ ಸಾಕು. ರಾಜ, ರಾಣಿ, ಗುಲಾಮನಿಗೆ ತಲಾ ಹತ್ತು. ಎಕ್ಕಕ್ಕೆ ಒಂದು ಅಥವಾ ಹನ್ನೊಂದು. 21 ದಾಟದೆ ಡೀಲರ್‌ಗಿಂತ ಮೇಲಿರಬೇಕು. ಮೊದಲ ಎರಡೇ ಎಲೆಯಲ್ಲಿ ಎಕ್ಕದ ಜೊತೆ ಹತ್ತು ಬಂದರೆ ಅದೇ ಬ್ಲ್ಯಾಕ್‌ಜಾಕ್. ಅದಕ್ಕೆ ಒಂದಕ್ಕೆ ಒಂದೂವರೆ ಪಟ್ಟು, ಅಂದರೆ ಹತ್ತು ಡಾಲರ್‌ಗೆ ಹದಿನೈದು. ಕ್ಯಾಸಿನೋದ ಮೇಲುಗೈ ಅಡಗಿರುವುದು ಸರದಿಯಲ್ಲಿ. ಆಟಗಾರ ಮೊದಲು ಎಲೆ ಎಳೆಯಬೇಕು. ಅವನು 21 ದಾಟಿದ ಕೂಡಲೇ ಪಣ ಹೋಯಿತು. ಆಮೇಲೆ ಡೀಲರ್ ದಾಟಿದರೂ ಆ ಹಣ ವಾಪಸ್ ಬರುವುದಿಲ್ಲ.

ಈ ಮೇಲುಗೈ ಎಷ್ಟು ಎಂಬುದು ಬಹಳ ಕಾಲ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನೆವಾಡಾ ರಾಜ್ಯ 1931ರಲ್ಲಿ ಜೂಜನ್ನು ಕಾನೂನುಬದ್ಧ ಮಾಡಿದ ಮೇಲೂ ಆಟ ನಡೆಯುತ್ತಿದ್ದದ್ದು ಅಂದಾಜಿನ ಮೇಲೆಯೇ. 1956ರಲ್ಲಿ ರೋಜರ್ ಬಾಲ್ಡ್ವಿನ್, ವಿಲ್ಬರ್ಟ್ ಕ್ಯಾಂಟಿ, ಹರ್ಬರ್ಟ್ ಮೈಸೆಲ್, ಜೇಮ್ಸ್ ಮೆಕ್‌ಡರ್ಮಟ್ ಎಂಬ ನಾಲ್ವರು ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೇರಿಲ್ಯಾಂಡ್‌ನ ಅಬರ್ಡೀನ್ ಸೇನಾ ನೆಲೆಯಲ್ಲಿದ್ದ ಅವರು ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳ ಗುಂಡಿ ಒತ್ತಿ ಒತ್ತಿ, ಯಾವ ಎಲೆಗೆ ಯಾವ ಆಟ ಎಂಬ ಪಟ್ಟಿ ಮಾಡಿದ್ದರು. ಆ ಪಟ್ಟಿಯಂತೆ ಆಡಿದರೆ ಕ್ಯಾಸಿನೋದ ಮೇಲುಗೈ ಶೇ 0.62 ಮಾತ್ರ. ನೂರು ಡಾಲರ್ ಪಣಕ್ಕೆ ಸರಾಸರಿ 62 ಸೆಂಟ್ ನಷ್ಟ.

ಮುಂದೆ ನಡೆದದ್ದಕ್ಕೆಲ್ಲ ಈ ಸಣ್ಣ ಸಂಖ್ಯೆಯೇ ಮೂಲ. ಅರ್ಧ ಪರ್ಸೆಂಟಿನ ವ್ಯಾಪಾರ ಮಾಡುವವನು ಹಬ್ಬದ ನೆಪದಲ್ಲಿ ಎರಡು ಪರ್ಸೆಂಟ್ ಸೋಡಿ ಬಿಟ್ಟರೆ ಏನಾಗುತ್ತದೋ, ಬ್ಲ್ಯಾಕ್‌ಜಾಕ್‌ನಲ್ಲಿ ಧಾರಾಳತನ ತೋರಿದ ಕ್ಯಾಸಿನೋಗೂ ಅದೇ ಆಗುತ್ತದೆ.

ಗಣಿತಜ್ಞ ಎಡ್ವರ್ಡ್ ಥಾರ್ಪ್ ಎಂಐಟಿಯ ಐಬಿಎಂ 704 ಕಂಪ್ಯೂಟರ್ ಹಿಡಿದು ಲೆಕ್ಕವನ್ನು ಇನ್ನೂ ಮುಂದೆ ಒಯ್ದರು. ಆಡಿ ಹೋದ ಎಲೆಗಳನ್ನು ನೆನಪಿಟ್ಟರೆ ಮೇಲುಗೈ ಆಟಗಾರನ ಕಡೆಗೇ ವಾಲುತ್ತದೆ ಎಂದು 1962ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಗಾಬರಿಬಿದ್ದ ಲಾಸ್ ವೇಗಸ್ ಕ್ಯಾಸಿನೋಗಳು 1964ರ ಏಪ್ರಿಲ್ 1ರಿಂದ ನಿಯಮ ಬಿಗಿ ಮಾಡಿದವು: ಮೊತ್ತ ಹನ್ನೊಂದಾದರೆ ಮಾತ್ರ ದುಪ್ಪಟ್ಟು, ಎಕ್ಕದ ಜೋಡಿ ಒಡೆಯುವಂತಿಲ್ಲ. ಜನ ಮೇಜು ಬಿಟ್ಟು ಎದ್ದರು. ಕೆಲವೇ ವಾರಗಳಲ್ಲಿ ಹಳೆಯ ನಿಯಮ ವಾಪಸ್ ಬಂತು. ಬಿಗಿ ಮಾಡಿದರೆ ಗಿರಾಕಿ ಹೋಗುತ್ತಾನೆ, ಸಡಿಲ ಬಿಟ್ಟರೆ ಹಣ ಹೋಗುತ್ತದೆ ಎಂಬ ಇಕ್ಕಟ್ಟು ಅಂದಿನಿಂದ ಇಂದಿನವರೆಗೂ ಈ ಆಟದ ಬೆನ್ನು ಬಿಟ್ಟಿಲ್ಲ.

ಅಟ್ಲಾಂಟಿಕ್ ಸಿಟಿಯ ಮೊದಲ ಕ್ಯಾಸಿನೋ 1978ರ ಮೇ ತಿಂಗಳಲ್ಲಿ ಬಾಗಿಲು ತೆರೆದಾಗ ಅಲ್ಲಿನ ನಿಯಮಗಳಲ್ಲಿ ಒಂದು ಅಪರೂಪದ ಸೌಲಭ್ಯ ಇತ್ತು. ಎಲೆ ಚೆನ್ನಾಗಿಲ್ಲ ಅನ್ನಿಸಿದರೆ, ಡೀಲರ್ ತನ್ನ ಕೈಯಲ್ಲಿ ಬ್ಲ್ಯಾಕ್‌ಜಾಕ್ ಇದೆಯೇ ಎಂದು ನೋಡುವ ಮುಂಚೆಯೇ ಅರ್ಧ ಪಣ ಬಿಟ್ಟುಕೊಟ್ಟು ಕೈ ಮುಗಿಸಬಹುದಿತ್ತು. ಕೇಳಲು ಸೋಲೊಪ್ಪಿಕೊಂಡಂತೆ ಇದೆ. ಆದರೆ ಡೀಲರ್ ಎದುರು ಎಕ್ಕ ಕಾಣುತ್ತಿರುವಾಗ ಹದಿನಾರು ಹಿಡಿದು ಕೂತವನಿಗೆ ಅರ್ಧ ಹಣ ಉಳಿಯುವುದು ಸಣ್ಣ ಮಾತಲ್ಲ. ಈ ಒಂದು ನಿಯಮ ಆಟಗಾರನಿಗೆ ಕೊಡುತ್ತಿದ್ದದ್ದು ಸುಮಾರು ಶೇ 0.6. ಕ್ಯಾಸಿನೋದ ಇಡೀ ಮೇಲುಗೈ ಅಷ್ಟರಲ್ಲೇ ಕರಗಿತು. ಒಂದೆಲೆಯನ್ನೂ ಎಣಿಸದೆ, ಬರೀ ಪಟ್ಟಿಯಂತೆ ಆಡಿದವನೂ ಕೂದಲೆಳೆಯಷ್ಟು ಮುಂದಿರುತ್ತಿದ್ದ. 1981ರಲ್ಲಿ ಅದನ್ನು ತೆಗೆದುಹಾಕಿದರು.

ಸಾಮಾನ್ಯ ಗಿರಾಕಿಗೆ ಸಿಗುತ್ತಿದ್ದದ್ದು ಕೂಪನ್ನು. ವೇಗಸ್ಸಿನ ಹೋಟೆಲುಗಳು ಹಂಚುತ್ತಿದ್ದ ಕೂಪನ್ ಪುಸ್ತಕಗಳಲ್ಲಿ ಊಟದ ರಿಯಾಯಿತಿಯ ಪಕ್ಕದಲ್ಲೇ ಆಟದ ಚೀಟಿಗಳೂ ಇರುತ್ತಿದ್ದವು. ಹತ್ತು ಡಾಲರ್ ಜೊತೆ ಹತ್ತರ ಚೀಟಿ ಇಟ್ಟರೆ, ಗೆದ್ದಾಗ ಇಪ್ಪತ್ತು ಸಿಗುತ್ತದೆ, ಸೋತಾಗ ಹೋಗುವುದು ನಿಮ್ಮ ಹತ್ತೇ. ಆ ಚೀಟಿಯ ನಿಜವಾದ ಬೆಲೆ ಐದು ಡಾಲರ್‌ಗಿಂತ ತುಸು ಕಡಿಮೆ. ‘ಮೊದಲ ಎಲೆಯೇ ಎಕ್ಕ’ ಎಂಬ ಕೂಪನ್ ಇನ್ನೂ ಗಟ್ಟಿ. ಎಕ್ಕದಿಂದ ಶುರುವಾಗುವ ಕೈಯ ಬೆಲೆ ಇಟ್ಟ ಪಣದ ಅರ್ಧದಷ್ಟು. ಆದ್ದರಿಂದ ಅದಕ್ಕೆ ಅನುಮತಿ ಇದ್ದಷ್ಟೂ ದೊಡ್ಡ ಪಣ ಇಡುವುದೇ ಜಾಣತನ. ಎಲ್ಲಕ್ಕಿಂತ ದೊಡ್ಡ ಆಮಿಷ, ಬ್ಲ್ಯಾಕ್‌ಜಾಕ್‌ಗೆ ಒಂದೂವರೆಯ ಬದಲು ಎರಡು ಪಟ್ಟು ಕೊಡುವುದು. ಬ್ಲ್ಯಾಕ್‌ಜಾಕ್ ಬರುವುದು ಸುಮಾರು 21 ಕೈಗೆ ಒಮ್ಮೆ. ಡೀಲರ್‌ಗೂ ಅದೇ ಬಂದು ಸಮವಾಗುವ ಸಂದರ್ಭಗಳನ್ನು ಕಳೆದರೆ, ಈ ಅರ್ಧ ಪಟ್ಟು ಹೆಚ್ಚಳ ಆಟಗಾರನಿಗೆ ತರುವುದು ಶೇ 2.3ರ ಆಸುಪಾಸು. ಅರ್ಧ ಪರ್ಸೆಂಟ್ ಹಿಂದಿದ್ದವನು ಒಮ್ಮೆಲೇ ಒಂದೂ ಮುಕ್ಕಾಲು ಪರ್ಸೆಂಟ್ ಮುಂದೆ ಬರುತ್ತಾನೆ. ಎಲೆ ಎಣಿಸುವ ಪಳಗಿದ ಆಟಗಾರನಿಗೂ ಅಷ್ಟು ಸುಲಭಕ್ಕೆ ಸಿಗದ ಮೇಲುಗೈ ಅದು.

ಇಂಥ ಆಮಿಷಗಳಲ್ಲಿ ಆಟದ ರೀತಿಯೂ ಬದಲಾಗಬೇಕು. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಐದು ಎಲೆಯಾದರೂ 21 ದಾಟದಿದ್ದರೆ ಗೆದ್ದಂತೆ ಎಂಬ ಕೊಡುಗೆ ಇದ್ದಾಗ, ನಾಲ್ಕು ಎಲೆ ಹಿಡಿದವನು ಮಾಮೂಲಿಗಿಂತ ಧೈರ್ಯವಾಗಿ ಐದನೆಯದನ್ನು ಎಳೆಯಬೇಕು. ಹಳೆಯ ಪಟ್ಟಿಗೇ ಅಂಟಿಕೊಂಡರೆ ಕೊಡುಗೆಯ ಬೆಲೆ ಪೂರ್ತಿ ದಕ್ಕುವುದಿಲ್ಲ.

ಇಂಟರ್‌ನೆಟ್ ಕ್ಯಾಸಿನೋಗಳು ಬಂದ ಕಾಲದಲ್ಲಿ ಇದೇ ಲೆಕ್ಕ ಇನ್ನೊಂದು ರೂಪದಲ್ಲಿ ನಡೆಯಿತು. ನೂರು ಡಾಲರ್ ಕಟ್ಟಿದರೆ ಇನ್ನೊಂದು ನೂರು ಬೋನಸ್. ಹಣ ತೆಗೆಯುವ ಮುಂಚೆ ಒಟ್ಟು ಮೊತ್ತದ ಇಪ್ಪತ್ತು ಪಟ್ಟು, ಅಂದರೆ 4,000 ಡಾಲರ್ ಪಣ ಕಟ್ಟಿರಬೇಕು ಎಂದುಕೊಳ್ಳಿ. ಅರ್ಧ ಪರ್ಸೆಂಟಿನ ಬ್ಲ್ಯಾಕ್‌ಜಾಕ್‌ನಲ್ಲಿ ಅದಕ್ಕೆ ಆಗುವ ಸರಾಸರಿ ನಷ್ಟ ಇಪ್ಪತ್ತೇ ಡಾಲರ್, ಎಂಬತ್ತು ಕೈಯಲ್ಲಿ ಉಳಿಯುತ್ತದೆ. ಇದು ಗೊತ್ತಾದ ಮೇಲೆ ಕಂಪನಿಗಳು ಷರತ್ತಿಗೆ ಒಂದು ಸಾಲು ಸೇರಿಸಿದವು: ಬ್ಲ್ಯಾಕ್‌ಜಾಕ್‌ನಲ್ಲಿ ಕಟ್ಟಿದ ಪಣದ ಹತ್ತನೇ ಒಂದು ಭಾಗ ಮಾತ್ರ ಲೆಕ್ಕಕ್ಕೆ. ಈಗ ಕಟ್ಟಬೇಕಾದದ್ದು 40,000. ಸರಾಸರಿ ನಷ್ಟ 200. ಜಾಹೀರಾತಿನಲ್ಲಿ ಬೋನಸ್ ಮಾತ್ರ ಅದೇ ನೂರು. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿತು.

ಜಾನ್ಸನ್ ಗೆದ್ದ ಒಪ್ಪಂದ ಹುಟ್ಟಿದ್ದು ಅಟ್ಲಾಂಟಿಕ್ ಸಿಟಿಯ ಹಣದ ಬಿಕ್ಕಟ್ಟಿನಲ್ಲಿ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಕ್ಯಾಸಿನೋಗಳು ಶುರುವಾದವು, 2008ರ ಆರ್ಥಿಕ ಕುಸಿತ ಬಂತು. 2006ರಲ್ಲಿ 520 ಕೋಟಿ ಡಾಲರ್ ಇದ್ದ ಊರಿನ ಕ್ಯಾಸಿನೋ ಆದಾಯ 2011ಕ್ಕೆ 330 ಕೋಟಿಗೆ ಇಳಿಯಿತು. ದೊಡ್ಡ ಕುಳಗಳಿಗಾಗಿ ಕ್ಯಾಸಿನೋಗಳು ಪೈಪೋಟಿಗೆ ಬಿದ್ದವು. ಕುದುರೆ ರೇಸಿನ ಬಾಜಿಗೆ ಕಂಪ್ಯೂಟರ್ ಲೆಕ್ಕ ಹಾಕುವ ಕಂಪನಿ ನಡೆಸುತ್ತಿದ್ದ ಜಾನ್ಸನ್‌ಗೆ ಈ ಹಸಿವು ಕಂಡಿತು. ಒಂದೊಂದೇ ಷರತ್ತು ಚೌಕಾಸಿ ಮಾಡಿದರು: ಆರು ಕಟ್ಟು ಎಲೆ, ಕೈಯಲ್ಲೇ ಕಲಸಬೇಕು; ಎಕ್ಕವನ್ನು ಹನ್ನೊಂದಾಗಿ ಎಣಿಸಿದ ಹದಿನೇಳು ಬಂದರೂ ಡೀಲರ್ ಅಲ್ಲೇ ನಿಲ್ಲಬೇಕು; ಜೋಡಿ ಒಡೆದು ನಾಲ್ಕು ಕೈವರೆಗೆ ಆಡಲು ಬಿಡಬೇಕು. ಮೇಲುಗೈ ಶೇ 0.25ಕ್ಕೆ ಇಳಿಯಿತು. ಅದರ ಮೇಲೆ, ಐದು ಲಕ್ಷ ಡಾಲರ್ ಸೋತರೆ ಶೇ 20 ರಿಯಾಯಿತಿ.

ಇದರ ಬೆಲೆ ಎಷ್ಟು? ಕೈಗೆ ಒಂದು ಲಕ್ಷದಂತೆ ಆಡಿ, ಐದು ಲಕ್ಷ ಗೆದ್ದರೂ ಎದ್ದೇಳುವುದು, ಐದು ಲಕ್ಷ ಸೋತರೂ ಎದ್ದೇಳುವುದು ಎಂದು ಇಟ್ಟುಕೊಳ್ಳೋಣ. ಸರಳ ಮಾಡಲು ಪ್ರತಿ ಕೈಯಲ್ಲೂ ಒಂದು ಲಕ್ಷ ಬರುತ್ತದೆ ಇಲ್ಲವೇ ಹೋಗುತ್ತದೆ ಎನ್ನೋಣ. ಎರಡರಲ್ಲೊಂದು ಗಡಿ ಮುಟ್ಟಲು ಸರಾಸರಿ 25 ಕೈ ಬೇಕು. ಗೆದ್ದರೆ ಪೂರ್ತಿ ಐದು ಲಕ್ಷ, ಸೋತರೆ ಕೊಡಬೇಕಾದದ್ದು ನಾಲ್ಕೇ. ಕ್ಯಾಸಿನೋದ 0.25 ಪರ್ಸೆಂಟ್ ಕಳೆದ ಮೇಲೂ ಒಂದೊಂದು ಸಲ ಕೂತಾಗ ಆಟಗಾರನಿಗೆ ಸರಾಸರಿ 44 ಸಾವಿರ ಡಾಲರ್ ಉಳಿಯುತ್ತದೆ. ಇದೇ ರಿಯಾಯಿತಿ ಹಿಡಿದು ಹತ್ತು ಸಾವಿರ ಕೈ ಆಡಿ ಕೊನೆಗೆ ಲೆಕ್ಕ ಚುಕ್ತಾ ಮಾಡಿದರೆ ಮೇಲುಗೈ ಕ್ಯಾಸಿನೋದ್ದೇ. ಕ್ಯಾಸಿನೋಗಳು ಮರೆತದ್ದು ಇದನ್ನು. ಯಾವಾಗ ಎದ್ದು ಹೋಗಬೇಕು ಎಂಬ ತೀರ್ಮಾನ ಆಟಗಾರನ ಕೈಯಲ್ಲಿರುವಾಗ, ಸೋಲಿನ ರಿಯಾಯಿತಿ ಅವನ ಕೈಗೆ ಕೊಟ್ಟ ಖಾಲಿ ಚೆಕ್ಕು.

ಬೋರ್ಗಾಟಾ 50 ಲಕ್ಷಕ್ಕೆ ಆಟ ನಿಲ್ಲಿಸಿತು. ಸೀಸರ್ಸ್ 40 ಲಕ್ಷ ದಾಟಿದ ಮೇಲೆ ಮೇಜಿನ ಚಿಪ್ ತಟ್ಟೆಯನ್ನು ಮತ್ತೆ ತುಂಬಲು ಒಪ್ಪಲಿಲ್ಲ. ಟ್ರಾಪಿಕಾನಾ ಆಮೇಲೂ ಅವರನ್ನು ಕರೆಯಿತು, ಹಳೆಯ ಷರತ್ತುಗಳನ್ನು ಮಾತ್ರ ಕೊಡಲಿಲ್ಲ.

ಚೌಕಾಸಿ ಮಾಡಲು ಆಗದವರ ಮೇಜಿನಲ್ಲಿ ಕಳೆದ ಎರಡು ದಶಕಗಳಲ್ಲಿ ಆದದ್ದು ಇದಕ್ಕೆ ಉಲ್ಟಾ, ಮತ್ತು ನನಗೆ ಸಿಟ್ಟು ಬರುವುದು ಇಲ್ಲಿಯೇ. ‘ಒಂದೇ ಕಟ್ಟಿನ ಬ್ಲ್ಯಾಕ್‌ಜಾಕ್’ ಎಂದು ದೊಡ್ಡದಾಗಿ ಬರೆದು ಕರೆಯುತ್ತಾರೆ. ಒಂದೇ ಕಟ್ಟು ಆಟಗಾರನಿಗೆ ಒಳ್ಳೆಯದು, ನಿಜ. ಆದರೆ ಮೇಜಿನ ಬಟ್ಟೆಯ ಮೇಲೆ 3:2 ಇದ್ದ ಜಾಗದಲ್ಲಿ 6:5 ಬಂದಿರುತ್ತದೆ. ಹತ್ತು ಡಾಲರ್‌ಗೆ ಹದಿನೈದರ ಬದಲು ಹನ್ನೆರಡು. ಆರು ದೊಡ್ಡದು, ಐದು ದೊಡ್ಡದು, ಆದ್ದರಿಂದ ಇದೇ ಲೇಸು ಎಂದು ಅವಸರದಲ್ಲಿದ್ದವರಿಗೆ ತೋರುತ್ತದೆ. ಈ ಬದಲಾವಣೆಯ ಬೆಲೆ ಸುಮಾರು ಶೇ 1.4. ಅರ್ಧ ಪರ್ಸೆಂಟ್ ಮೇಲುಗೈಯ ಮಾಮೂಲಿ ಮೇಜಿಗೆ ಇದು ಬಂದರೆ ಆ ಮೇಲುಗೈ ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ. ರಜೆಗೆ ಬಂದು ನೂರಿನ್ನೂರು ಡಾಲರ್ ಆಡುವವರ ಜೇಬಿನಿಂದ ಇದು ಹೋಗುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ.

ನಮ್ಮವರು ಈ ಲೆಕ್ಕವನ್ನು ಎದುರುಗೊಳ್ಳುವುದು ಗೋವಾದಲ್ಲಿ, ಪಣಜಿಯ ಮಾಂಡವಿ ನದಿಯ ಕ್ಯಾಸಿನೋ ಹಡಗುಗಳಲ್ಲಿ. ಪ್ರವೇಶದ ಪ್ಯಾಕೇಜಿನಲ್ಲಿ ಊಟ, ಕುಡಿತದ ಜೊತೆ ‘ಒನ್ ಟೈಮ್ ಪ್ಲೇ’ ಚಿಪ್‌ಗಳೂ ಸೇರಿರುತ್ತವೆ. ಕೌಂಟರ್‌ನಲ್ಲಿ ಅವಕ್ಕೆ ಹಣ ಸಿಗದು. ಒಮ್ಮೆ ಆಡಿದರೆ, ಗೆದ್ದರೂ ಸೋತರೂ ಆ ಚಿಪ್ ಹೋಗುತ್ತದೆ. ಗೆದ್ದ ಮೊತ್ತ ಮಾತ್ರ ನಿಮ್ಮದು. ಹಾಗಾಗಿ ಸಾವಿರ ರೂಪಾಯಿಯ ಇಂಥ ಚಿಪ್‌ಗೆ ಬ್ಲ್ಯಾಕ್‌ಜಾಕ್‌ನಲ್ಲಿರುವ ಬೆಲೆ ಐನೂರಕ್ಕಿಂತ ತುಸು ಕಡಿಮೆ. ಒಂದೇ ಸೊನ್ನೆಯ ರೂಲೆಟ್‌ನಲ್ಲಿ ಕೆಂಪು-ಕಪ್ಪಿಗೆ ಇಟ್ಟರೆ ಸುಮಾರು 486 ರೂಪಾಯಿ. ಅದೇ ಚಿಪ್ಪನ್ನು ಒಂಟಿ ಸಂಖ್ಯೆಯ ಮೇಲಿಡಲು ಬಿಟ್ಟರೆ ಸರಾಸರಿ ಬೆಲೆ 946ಕ್ಕೆ ಏರುತ್ತದೆ, 37ರಲ್ಲಿ 36 ಸಲ ಬರಿಗೈಯಾದರೂ. ಹೇಗೂ ವಾಪಸ್ ಬಾರದ ಚಿಪ್ಪಿಗೆ ದೂರದ ಗುರಿಯೇ ಸರಿ. ಸ್ವಂತ ಹಣಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಕೂರುವ ಮುಂಚೆ ಡೀಲರ್‌ನನ್ನು ಮೂರು ವಿಷಯ ಕೇಳಬಹುದು: ಈ ಚಿಪ್ ಯಾವ ಯಾವ ಪಣಕ್ಕೆ ನಡೆಯುತ್ತದೆ, ಸಮವಾದರೆ ಅದು ವಾಪಸ್ ಬರುತ್ತದೆಯೇ, ಬ್ಲ್ಯಾಕ್‌ಜಾಕ್‌ಗೆ ಕೊಡುವುದು 3:2 ಲೆಕ್ಕವೋ 6:5 ಲೆಕ್ಕವೋ.