ತೂತು ಹೊಂದಿದರೆ ಚಕ್ರ ಹೊಂದೀತೆ?

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ ಜೆ.ಸಿ. ರಸ್ತೆಯ ಅಂಗಡಿಗಳಲ್ಲೋ ಹಳೆಯ ಅಲಾಯ್ ಚಕ್ರ ಹುಡುಕುವವರ ಲೆಕ್ಕಾಚಾರ ಸಾಮಾನ್ಯವಾಗಿ ನಟ್ಟಿನ ತೂತಿನಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ತೂತುಗಳೆಷ್ಟು, ಅವು ಕೂತಿರುವ ವೃತ್ತದ ವ್ಯಾಸವೆಷ್ಟು? ಈ ಅಳತೆಗೆ ಪಿಸಿಡಿ ಎಂದು ಹೆಸರು. ಮಾರುತಿ ಸ್ವಿಫ್ಟ್, ಹೋಂಡಾ ಸಿಟಿ, ಹ್ಯುಂಡೈ ಐ20, ಟೊಯೊಟಾ ಇಟಿಯೋಸ್ ಎಲ್ಲಕ್ಕೂ ನಾಲ್ಕು ತೂತು, 100 ಮಿಲಿಮೀಟರ್ ವೃತ್ತ. ಹಾಗಾದರೆ ಸಿಟಿಯ ಚಕ್ರವನ್ನು ಸ್ವಿಫ್ಟ್‌ಗೆ ಹಾಕಬಹುದಲ್ಲವೇ?

ಹಾಕಬಹುದು. ನಟ್ಟೂ ಬಿಗಿಯಾಗುತ್ತದೆ. ತೊಂದರೆ ಇರುವುದು ಕಣ್ಣಿಗೆ ಬೀಳದ ಕಡೆ.

ಸ್ವಿಫ್ಟ್‌ನ ಚಕ್ರದ ನಡುತೂತಿನೊಳಗೆ ಕೂರುವ ಹಬ್ 54.1 ಮಿ.ಮೀ. ದಪ್ಪ, ಸಿಟಿ ಚಕ್ರದ ನಡುತೂತು 56.1. ಈ ಎರಡು ಮಿಲಿಮೀಟರ್ ಸಡಿಲದಿಂದಾಗಿ ಚಕ್ರ ಕೂದಲೆಳೆಯಷ್ಟು ನಡು ತಪ್ಪಿ ಕೂರಬಹುದು. ಊರೊಳಗೆ ಏನೂ ಗೊತ್ತಾಗುವುದಿಲ್ಲ, ಹೆದ್ದಾರಿಯಲ್ಲಿ ವೇಗ ಏರಿದಾಗ ಸ್ಟೀರಿಂಗ್ ನಡುಗತೊಡಗುತ್ತದೆ. ಹಬ್ ರಿಂಗ್ ಎಂಬ ತೆಳು ಬಳೆಯನ್ನು ನಡುವೆ ಕೂರಿಸಿದರೆ ಇದಕ್ಕೆ ಪರಿಹಾರ ಸಿಕ್ಕಿತು. ನಟ್ಟಿನ ವಿಷಯ ಇನ್ನೂ ಸೂಕ್ಷ್ಮ. ಹೋಂಡಾದ ಮೂಲ ಚಕ್ರದಲ್ಲಿ ನಟ್ಟು ಕೂರುವ ಕುಳಿ ಗೋಳಾಕಾರದ್ದು, ಸುಜುಕಿಯ ನಟ್ಟಿನ ತುದಿ ಶಂಕುವಿನ ಆಕಾರದ್ದು. ಗೋಳಕುಳಿಯಲ್ಲಿ ಶಂಕು ಕೂತರೆ ಅದು ಒಂದು ಸಣ್ಣ ಗೆರೆಯಷ್ಟೇ ಜಾಗದಲ್ಲಿ ಮುಟ್ಟುತ್ತದೆ. ಎಷ್ಟೇ ಬಿಗಿದರೂ ಓಡುತ್ತ ಓಡುತ್ತ ಸಡಿಲವಾಗುತ್ತದೆ. ಸರಿ, ಹೋಂಡಾದ ನಟ್ಟನ್ನೇ ತಂದರಾಯಿತು ಎನ್ನುವಂತೆಯೂ ಇಲ್ಲ: ಅದರ ಮರೆಯ (ಒಳಗಿನ ತಿರುಪುಗೆರೆಗಳ) ಅಂತರ 1.5 ಮಿ.ಮೀ., ಸುಜುಕಿಯದು 1.25. ಗೋಳಮುಖವೂ 1.25ರ ಮರೆಯೂ ಇರುವ ನಟ್ಟನ್ನೇ ಹುಡುಕಬೇಕು.

ಇಷ್ಟೆಲ್ಲ ಸರಿಹೋದ ಮೇಲೂ ಉಳಿಯುವುದು ಆಫ್‌ಸೆಟ್. ಚಕ್ರದ ಅಗಲವನ್ನು ಸರಿಯಾಗಿ ಅರ್ಧ ಮಾಡುವ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಿ. ಚಕ್ರ ಹಬ್ಬಿಗೆ ಒತ್ತಿ ಕೂರುವ ಮುಖ ಆ ನಡುಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದೇ ಆಫ್‌ಸೆಟ್. ಮುಖವು ಗೆರೆಗಿಂತ ಹೊರಬದಿಗಿದ್ದರೆ ಧನ, ಒಳಬದಿಗಿದ್ದರೆ ಋಣ. ಚಕ್ರದ ಮೇಲೆ 'ಇಟಿ 45' ಎಂದು ಅಚ್ಚೊತ್ತಿದ್ದರೆ ಅದು ಹೊರಬದಿಗೆ 45 ಮಿ.ಮೀ. ಎಂದರ್ಥ. ಸಂಖ್ಯೆ ಹೆಚ್ಚಿದಷ್ಟೂ ಚಕ್ರ ಗಾಡಿಯ ಒಳಕ್ಕೆ ಸರಿಯುತ್ತದೆ, ಕಡಿಮೆಯಾದಷ್ಟೂ ಹೊರಕ್ಕೆ ಚಾಚುತ್ತದೆ.

ಇದಕ್ಕೆ ಅತಿ ಸ್ಪಷ್ಟ ಉದಾಹರಣೆ ಒಂದೇ ಕಂಪನಿಯ ಎರಡು ಕಾರುಗಳಲ್ಲಿದೆ. ಬಿಎಂಡಬ್ಲ್ಯು ಇ46 ಪೀಳಿಗೆಯ 3 ಸೀರೀಸ್, ಇ39 ಪೀಳಿಗೆಯ 5 ಸೀರೀಸ್. ಎರಡಕ್ಕೂ ಐದು ತೂತು, 120 ಮಿ.ಮೀ. ವೃತ್ತ. ಆದರೆ ಎಂಟಿಂಚು ಅಗಲದ ಮೂಲ ಚಕ್ರ ಇ46ರಲ್ಲಿ ಇಟಿ 47, ಇ39ರಲ್ಲಿ ಇಟಿ 20. ದೊಡ್ಡಣ್ಣನ ಚಕ್ರ ತಮ್ಮನಿಗೆ ಹಾಕಿದರೆ 27 ಮಿ.ಮೀ., ಅಂದರೆ ಒಂದಿಂಚಿಗೂ ಹೆಚ್ಚು, ಹೊರಗೆ ಚಾಚುತ್ತದೆ. ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ. ತಮ್ಮನದನ್ನು ಅಣ್ಣನಿಗೆ ಹಾಕುವ ಮಾತೇ ಇಲ್ಲ. ಇ39ರ ಹಬ್ 74.1 ಮಿ.ಮೀ., ಇ46 ಚಕ್ರದ ನಡುತೂತು 72.6. ಒಳಕ್ಕೇ ಇಳಿಯದು.

ಹೊರಗೆ ಚಾಚಿದ ಚಕ್ರ ನೋಡಲು ಚೆಂದ ಎನ್ನುವವರಿದ್ದಾರೆ, ಅದಕ್ಕಾಗಿಯೇ ಕಡಿಮೆ ಆಫ್‌ಸೆಟ್ ಹುಡುಕುವವರೂ ಇದ್ದಾರೆ. ಅವರ ಚೆಂದಕ್ಕೆ ಬೆಲೆ ತೆರುವುದು ಬೇರಿಂಗ್. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವುದಕ್ಕೂ ಕೈಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇರುವುದು. ಭಾರ ಅಷ್ಟೇ, ಅದು ಎಳೆಯುವ ಬಲ ಹೆಚ್ಚು.

ಬೇರಿಂಗ್ ಸವೆದರೆ ಬದಲಿಸಬಹುದು. ಸ್ಟೀರಿಂಗಿನ ಸ್ವಭಾವ ಕೆಟ್ಟರೆ ಅದು ಅಷ್ಟು ಸುಲಭವಲ್ಲ. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಯಾವ ಅಕ್ಷದ ಸುತ್ತ ಹೊರಳುತ್ತದೋ ಅದನ್ನು ನೆಲದವರೆಗೆ ಗೆರೆಯಾಗಿ ಎಳೆದರೆ, ಅದು ನೆಲ ಮುಟ್ಟುವ ಬಿಂದುವಿಗೂ ಟೈರು ನೆಲ ಒತ್ತುವ ಜಾಗದ ನಡುವಿಗೂ ಒಂದಿಷ್ಟು ಅಂತರವಿರುತ್ತದೆ. ಸ್ಕ್ರಬ್ ರೇಡಿಯಸ್ ಎನ್ನುವುದು ಇದನ್ನೇ. 1972ರ ಆಡಿ 80 ಕಾರಿನಲ್ಲಿ ಈ ಗೆರೆ ಟೈರಿನ ನಡುವಿಗಿಂತ ಹೊರಗೆ ಬೀಳುವಂತೆ ಎಂಜಿನಿಯರುಗಳು ರೂಪಿಸಿದ್ದರು. ಒಂದು ಕಡೆಯ ಚಕ್ರ ಮಾತ್ರ ಬ್ರೇಕ್ ಹಿಡಿದಾಗ ಅಥವಾ ಒಂದು ಟೈರು ಒಡೆದಾಗ ಕಾರು ತಾನಾಗಿಯೇ ನೇರಕ್ಕೆ ಬರಲು ಯತ್ನಿಸಲಿ ಎಂಬುದು ಉದ್ದೇಶ. ಇಂಥ ಕಾರಿಗೆ ಆಫ್‌ಸೆಟ್ ತೀರಾ ಕಡಿಮೆ ಇರುವ ಚಕ್ರ ತೊಡಿಸಿದರೆ ಟೈರಿನ ನಡು ಆ ಗೆರೆಯನ್ನು ದಾಟಿ ಹೊರಗೆ ಹೋಗುತ್ತದೆ. ಆಗ ಅರ್ಧ ರಸ್ತೆ ಒದ್ದೆ, ಅರ್ಧ ಒಣ ಇರುವ ಕಡೆ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಕೈಯಿಂದ ಎಳೆದುಕೊಳ್ಳುತ್ತದೆ.

ಅಗಲವೂ ಈ ಆಟದಲ್ಲಿ ಸೇರಿಕೊಳ್ಳುತ್ತದೆ. ಆರಿಂಚಿನ ಇಟಿ 45 ಚಕ್ರದ ಬದಲು ಏಳಿಂಚಿನ ಇಟಿ 35 ಹಾಕಿದರೆ ವ್ಯತ್ಯಾಸ ಹತ್ತೇ ಮಿಲಿಮೀಟರ್ ಎಂದು ಅಂಗಡಿಯವರು ಹೇಳಬಹುದು. ಹೆಚ್ಚಿದ ಒಂದಿಂಚು ಎರಡು ಕಡೆಗೂ 12.7 ಮಿ.ಮೀ.ನಂತೆ ಹಂಚಿಹೋಗುತ್ತದೆ ಎಂಬುದನ್ನು ಸೇರಿಸಿದರೆ ಹೊರಚಾಚು 22.7 ಮಿ.ಮೀ. ಆಗುತ್ತದೆ. ಒಳಗಡೆಯೂ 2.7 ಮಿ.ಮೀ. ಜಾಗ ಹೋಯಿತು.

ಟೈರಿನ ಎತ್ತರದ ಲೆಕ್ಕ ಇದಕ್ಕಿಂತ ಸುಲಭ. ಸಿಟಿಯ 185/55 ಆರ್16 ಟೈರು ಸ್ವಿಫ್ಟ್‌ನ 185/65 ಆರ್15ಕ್ಕಿಂತ ಸುಮಾರು 12 ಮಿ.ಮೀ. ಕುಳ್ಳು, ಅಂದರೆ ಶೇ 2ರಷ್ಟೂ ಇಲ್ಲ. ಸ್ಪೀಡೋಮೀಟರ್ ಕೊಂಚ ಹೆಚ್ಚು ತೋರಿಸೀತು, ಅಷ್ಟೇ. ಕಾನೂನನ್ನೂ ಮರೆಯುವಂತಿಲ್ಲ. ವಾಹನವನ್ನು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಬದಲಿಸಬಾರದು ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಹೀಗಾಗಿ ಅದೇ ಕಾರಿನ ಮೇಲ್ದರ್ಜೆಯ ಮಾದರಿಗೆ ಕಂಪನಿಯೇ ಕೊಡುವ ಚಕ್ರ ಎಲ್ಲಕ್ಕಿಂತ ನಿರಾಳ.

ಗುಜರಿಯ ಚಕ್ರದಲ್ಲಿ ಅಚ್ಚು ಅಳಿಸಿಹೋಗಿದ್ದರೆ ಆಫ್‌ಸೆಟ್ಟನ್ನು ಅಲ್ಲೇ ಅಳೆಯಬಹುದು. ಟೈರಿಲ್ಲದ ಚಕ್ರವನ್ನು ಬೋರಲಾಗಿ ಮಲಗಿಸಿ, ಮೇಲೆ ಬಂದ ಒಳಅಂಚಿನ ಮೇಲೆ ನೇರ ಪಟ್ಟಿ ಇಟ್ಟು, ಅಲ್ಲಿಂದ ಹಬ್ ಮುಟ್ಟುವ ಮುಖದವರೆಗಿನ ಆಳ ಅಳೆಯಬೇಕು. ಅದರಲ್ಲಿ ಚಕ್ರದ ಒಟ್ಟು ಅಗಲದ ಅರ್ಧ ಕಳೆದರೆ ಉಳಿಯುವುದೇ ಆಫ್‌ಸೆಟ್. ಆರಿಂಚಿನ ಚಕ್ರ ಅಂಚು ಸೇರಿ ಸುಮಾರು ಏಳಿಂಚು ಇರುತ್ತದೆ, ಅರ್ಧ 89 ಮಿ.ಮೀ.; ಆಳ 134 ಬಂದರೆ ಇಟಿ 45. ಒಂದು ಚಕ್ರವನ್ನಷ್ಟೇ ಮೊದಲು ಕೂರಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಎಲ್ಲಾದರೂ ಉಜ್ಜುತ್ತದೆಯೇ ಎಂದು ನೋಡಿದ ಮೇಲೆ ಹಣ ಎಣಿಸಬಹುದು.